ಮಾರಿಕಣಿವೆಗೆ ಮೂರು ದಿನ, ಹೊರಡೋಕೆ ಎರಡೂವರೆ ವರ್ಷ

ಎರಡೂವರೆ ವರ್ಷ ಅಂದದ್ದು ಸುಮ್ನೆ ಅಲ್ಲ. 2022ರ ಸೆಪ್ಟೆಂಬರ್ 2ರಂದು ಚಿತ್ರದುರ್ಗ ಜಿಲ್ಲೆಯ ವಾಣಿ ವಿಲಾಸ ಸಾಗರ ಜಲಾಶಯ, ಅಂದರೆ ಮಾರಿಕಣಿವೆ, ತುಂಬಿ ಕೋಡಿ ಬಿತ್ತು. 1933ರಲ್ಲಿ ಬಿದ್ದದ್ದು ಬಿಟ್ಟರೆ ಮತ್ತೆ ಬಿದ್ದದ್ದು ಆವಾಗಲೇ, 89 ವರ್ಷ ಆದ ಮೇಲೆ. ಟೀವಿಯಲ್ಲಿ ಸುದ್ದಿ ಬಂದ ರಾತ್ರಿ ಅಮ್ಮ ಸರಿಯಾಗಿ ನಿದ್ದೆ ಮಾಡಲಿಲ್ಲ. ಆ ಭಾನುವಾರವೇ ಬೆಂಗಳೂರಿನಿಂದ ಹೊರಟೆವು. ಯಾರಿಗೂ ಫೋನ್ ಮಾಡಲಿಲ್ಲ, ಏನೂ ವಿಚಾರಿಸಲಿಲ್ಲ, ಚಿತ್ರಾನ್ನ ಕಟ್ಟಿಕೊಂಡು ಕಾರು ಹತ್ತಿದ್ದಷ್ಟೇ. ಅರ್ಧ ಕರ್ನಾಟಕವೂ ಹಾಗೇ ಚಿತ್ರಾನ್ನ ಕಟ್ಟಿಕೊಂಡು ಹೊರಟಿದೆ ಅಂತ ಗೊತ್ತಾದದ್ದು ಹಿರಿಯೂರು ದಾಟಿದ ಮೇಲೆ. ಅಣೆಕಟ್ಟು ಇನ್ನೂ ಐದಾರು ಕಿಲೋಮೀಟರ್ ಇರುವಾಗಲೇ ಗಾಡಿಗಳ ಸಾಲು ನಿಂತುಬಿಟ್ಟಿತು. ಮೂರು ಗಂಟೆ ಅಲ್ಲೇ ಕೂತು, ತಂದದ್ದನ್ನೆಲ್ಲ ತಿಂದು, ವಾಪಸ್ ಬಂದೆವು. ಕೋಡಿ ನೀರು ನಾವು ಕಂಡದ್ದು ಪಕ್ಕದ ಕಾರಿನವರ ಮೊಬೈಲಿನಲ್ಲಿ.

ಅಮ್ಮನ ತವರು ಹಿರಿಯೂರು ತಾಲ್ಲೂಕು. ನಾಲೆಯ ಕೊನೆಯಲ್ಲಿ ಒಂದು ಹಳ್ಳಿ. ಕೊನೆ ಅಂದರೆ ನೀರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಅವಳ ಅಪ್ಪ, ಅಂದರೆ ನಮ್ಮ ಅಜ್ಜ, 1933ರಲ್ಲಿ ಹತ್ತು ಹನ್ನೊಂದು ವರ್ಷದ ಹುಡುಗ. ಗಾಡಿ ಕಟ್ಟಿಕೊಂಡು ಹೋಗಿ ಕೋಡಿ ನೋಡಿ ಬಂದಿದ್ದರಂತೆ. ಆಮೇಲೆ ಜೀವನಪೂರ್ತಿ ಅದನ್ನು ಹೇಳಿದ್ದೇ ಹೇಳಿದ್ದು. ಮಕ್ಕಳು ಯಾರೂ ನಂಬಲಿಲ್ಲ. ಅವರ ಕಣ್ಣಿಗೆ ಕಂಡ ಜಲಾಶಯ ಅಂದರೆ ಬರೀ ಕಲ್ಲು, ಬಂಡೆ, ಅದರ ನಡುವೆ ಒಂದಿಷ್ಟು ನೀರು. ಅಮ್ಮನೂ ನಂಬಿರಲಿಲ್ಲ. ಆ ಋಣ ತೀರಿಸಬೇಕು ಅನ್ನೋದು ಅವಳ ತಲೆಯಲ್ಲಿ ಕೂತಿತ್ತು ಅಂತ ಕಾಣುತ್ತೆ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ವಿ.ವಿ. ಸಾಗರ ಅಂದರೆ ಅವಳಿಗೆ ಆಗೋದಿಲ್ಲ. ಅಣ್ಣ ಡ್ಯಾಮು ಅಂದರಂತೂ ಇನ್ನೂ ಸಿಟ್ಟು. "ಮಾರಿಕಣಿವೆ ಅನ್ರೋ" ಅನ್ನುತ್ತಾಳೆ. ಕಣಿವೆ ಮಾರಮ್ಮ ಅಲ್ಲಿದ್ದಾಳೆ, ಅಣೆಕಟ್ಟು ಆಮೇಲೆ ಬಂದದ್ದು, ಅದು ಅವಳ ವಾದ.

ಹೊರಡುವ ಮೊದಲು

2025ರ ಜನವರಿಯಲ್ಲಿ ಮೂರನೇ ಸಲ ಕೋಡಿ ಬಿತ್ತು. ಈ ಸಲ ನಾನು ಯಾರನ್ನೂ ಓಡಲು ಬಿಡಲಿಲ್ಲ. ಜನ ನೋಡಿ ಮುಗಿಸಲಿ, ನಾವು ಫೆಬ್ರವರಿ ಕೊನೆಯಲ್ಲಿ ಹೋಗೋಣ, ಅದೂ ವಾರದ ಮಧ್ಯೆ, ಬುಧವಾರ ಹೊರಟು ಶುಕ್ರವಾರ ವಾಪಸ್ ಅಂದೆ. ಅಣ್ಣನ ಮಗನಿಗೆ ಮೂರು ದಿನ ಶಾಲೆ ತಪ್ಪುತ್ತೆ ಅಂತ ಅತ್ತಿಗೆ ಗಲಾಟೆ ಮಾಡಿದಳು. ಅವಳಿಗೆ ರಜೆ ಸಿಕ್ಕಿರಲಿಲ್ಲ, ಸಿಟ್ಟಿನ ಅರ್ಧ ಕಾರಣ ಅದು.

ಜಲಾಶಯ ನೋಡೋಕೆ ಹೋಗುವವರು ಮೊದಲು ನೋಡಬೇಕಾದದ್ದು ಅಲ್ಲಿನ ಫೋಟೋಗಳನ್ನಲ್ಲ, ನೀರಿನ ಮಟ್ಟವನ್ನು. ಫೋಟೋ ಯಾವ ತಿಂಗಳದ್ದು, ಯಾವ ವರ್ಷದ್ದು ಅಂತ ಯಾರು ಹೇಳಬೇಕು? ಪತ್ರಿಕೆಯಲ್ಲಿ ಬರುವ ಜಲಾಶಯಗಳ ಪಟ್ಟಿ ನೋಡುವ ಅಭ್ಯಾಸ ನಮ್ಮ ಮನೆಯಲ್ಲಿ ಅಮ್ಮನಿಗೆ ಮಾತ್ರ. ಗರಿಷ್ಠ ಮಟ್ಟ, ಇವತ್ತಿನ ಮಟ್ಟ, ಒಳಹರಿವು, ಹೊರಹರಿವು. ಈ ಜಲಾಶಯ ತುಂಬಿದರೆ 130 ಅಡಿ, ಹಿಡಿಯೋದು ಸುಮಾರು 30 ಟಿಎಂಸಿ. ಆದರೆ ನೂರು ಅಡಿ ಇದೆ ಅಂದರೆ ಮುಕ್ಕಾಲು ಪಾಲು ತುಂಬಿದೆ ಅಂದುಕೊಂಡು ಹೊರಡಬೇಡಿ. ಕಣಿವೆ ಅನ್ನೋದು ಊಟದ ಬಟ್ಟಲಿನ ಹಾಗೆ, ಕೆಳಗೆ ಕಿರಿದು, ಮೇಲೆ ಹೋದಂತೆ ಅಗಲ. ಮೇಲಿನ ಹತ್ತು ಅಡಿಯಲ್ಲಿ ನಿಲ್ಲುವ ನೀರು ತಳದ ಹತ್ತು ಅಡಿಯ ನೀರಿನ ಎಷ್ಟೋ ಪಟ್ಟು. ಅದಕ್ಕೇ ಕೊನೆಯ ಅಡಿಗಳು ಏರೋದು ಅಷ್ಟು ನಿಧಾನ, ಕೋಡಿ ಬೀಳೋಕೆ 89 ವರ್ಷ ಬೇಕಾದದ್ದಕ್ಕೆ ಇದೂ ಒಂದು ಕಾರಣ. ನೋಡುವವರಿಗೆ ಇದರ ಅರ್ಥ ಏನು ಅಂದರೆ, ಮಟ್ಟ ಕೆಳಗೆ ಇಳಿದಿದ್ದರೆ ದಡದಿಂದ ನೀರಿನವರೆಗೆ ಅರ್ಧ ಕಿಲೋಮೀಟರ್ ಬಿರುಕು ಬಿಟ್ಟ ಮಣ್ಣಿನಲ್ಲಿ ನಡೀಬೇಕಾಗಬಹುದು.

ಟಿಎಂಸಿ ಅಂದರೆ ಎಷ್ಟು ಅಂತ ಹುಡುಗ ಕೇಳಿದ. ನೂರು ಕೋಟಿ ಘನ ಅಡಿ, ಲೀಟರ್ ಲೆಕ್ಕದಲ್ಲಿ ಸುಮಾರು 2,831 ಕೋಟಿ ಅಂದೆ. ಅವನು ಬೆಂಗಳೂರಿನ ಹುಡುಗ, ಹಿಂದಿನ ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾದು ಕೂತವನು. ಮೊಬೈಲಿನಲ್ಲಿ ಭಾಗಿಸಿ, "ಅತ್ತೆ, ಆರು ಸಾವಿರ ಲೀಟರಿನ ಟ್ಯಾಂಕರ್ ಆದ್ರೆ ಒಂದು ಟಿಎಂಸಿಗೆ ನಲವತ್ತೇಳು ಲಕ್ಷ ಟ್ಯಾಂಕರ್" ಅಂದ. ಪೂರ್ತಿ ತುಂಬಿದರೆ ಹದಿನಾಲ್ಕು ಕೋಟಿ. ಇಷ್ಟು ಚೆನ್ನಾಗಿ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಆಮೇಲೆ ಫೋನ್. ಹಿರಿಯೂರಿನಲ್ಲಿ ಅಮ್ಮನ ಚಿಕ್ಕಪ್ಪನ ಮಗ ಇದ್ದಾನೆ, ನಮಗೆ ಮಾವ. ಅಂತರ್ಜಾಲದಲ್ಲಿ ಎರಡು ರಾತ್ರಿ ಹುಡುಕಿದ್ದಕ್ಕಿಂತ ಅವನ ಜೊತೆ ಐದು ನಿಮಿಷ ಮಾತಾಡಿದ್ದೇ ಜಾಸ್ತಿ ಉಪಯೋಗಕ್ಕೆ ಬಂತು. ಮಂಗಳವಾರ, ಶುಕ್ರವಾರ ಮಾರಮ್ಮನ ವಾರ, ಜನ ಇರ್ತಾರೆ. ಅಣೆಕಟ್ಟಿನ ಏರಿ ಮೇಲೆ ಬಿಡೋದು ಬಿಡದೇ ಇರೋದು ಆ ದಿನದ ಮಾತು, ಬಿಡಲಿಲ್ಲ ಅಂದ್ರೆ ವಾದ ಮಾಡಬೇಡಿ. ಹನ್ನೊಂದರಿಂದ ಮೂರರವರೆಗೆ ಅಲ್ಲಿ ಇರಬೇಡಿ, ಬಂಡೆ ಕಾದು ಹೊಡೆಯುತ್ತೆ. ಅಕ್ಕನಿಗೆ ಮಂಡಿ ನೋವು ಅಲ್ವಾ, ಮಡಚೋ ಕುರ್ಚಿ ತನ್ನಿ. ಈ ಕುರ್ಚಿಯ ಮಾತು ಯಾವ ಪ್ರವಾಸದ ಪುಟದಲ್ಲೂ ನನಗೆ ಸಿಕ್ಕಿರಲಿಲ್ಲ. ಮೂರೂ ದಿನ ನಮ್ಮನ್ನು ಕಾಪಾಡಿದ್ದು ಆ ಕುರ್ಚಿಯೇ.

ಸಾಮಾನು ಹೆಚ್ಚೇನಿಲ್ಲ. ಎಂಟು ಲೀಟರ್ ಕುಡಿಯುವ ನೀರು (ಹದಿನಾಲ್ಕು ಕೋಟಿ ಟ್ಯಾಂಕರ್ ನೀರಿನ ಪಕ್ಕದಲ್ಲಿ ಕೂತು ಬಾಯಾರಿದರೆ ಅದಕ್ಕಿಂತ ನಗೆಪಾಟಲು ಇನ್ನೇನಿದೆ), ಟೋಪಿ, ಟಾರ್ಚು, ಕಸಕ್ಕೊಂದು ಚೀಲ, ಹುಡುಗನಿಗೆ ಬೈನಾಕ್ಯುಲರ್. ಈಜುವ ಬಟ್ಟೆ ಅವನು ಇಟ್ಟುಕೊಂಡಿದ್ದ, ನಾನು ತೆಗೆದೆ. ಕಾರಣ ಕೇಳಿದ. ಈಜುಕೊಳದ ತಳ ಸಮ ಇರುತ್ತೆ, ಜಲಾಶಯದ ತಳದಲ್ಲಿ ಹಳೇ ಬಂಡೆ, ಮರದ ಬುಡ, ಹೂಳು, ಮಣ್ಣು ತೆಗೆದ ಗುಂಡಿ ಎಲ್ಲ ಇರುತ್ತೆ, ಮೊಣಕಾಲುದ್ದ ನೀರಿನಿಂದ ಮುಂದಿನ ಹೆಜ್ಜೆ ಎರಡಾಳು ಆಳಕ್ಕೆ ಹೋಗಬಹುದು ಅಂದೆ. ನಾಲೆ ಇನ್ನೂ ಕೆಟ್ಟದ್ದು. ನೋಡೋಕೆ ಸಣ್ಣದು, ಆದರೆ ಎರಡೂ ಕಡೆ ಪಾಚಿ ಹಿಡಿದ ಇಳಿಜಾರು, ಹಿಡಿಯೋಕೆ ಏನೂ ಇಲ್ಲ, ಸೆಳೆತ ಬೇರೆ. ಅಮ್ಮ ಅಡುಗೆಮನೆಯಿಂದಲೇ ತನ್ನ ಊರಿನ ಇಬ್ಬರ ಕಥೆ ಹೇಳಿದಳು. ಆಮೇಲೆ ಅವನು ಕೇಳಲಿಲ್ಲ.

ಮೊದಲ ದಿನ, ಬುಧವಾರ

ಬೆಳಿಗ್ಗೆ ಐದೂವರೆಗೆ ಹೊರಟೆವು. ಹಿರಿಯೂರಿಗೆ ಸುಮಾರು 160 ಕಿಲೋಮೀಟರ್, ಪೂರ್ತಿ ಹೆದ್ದಾರಿ. ತುಮಕೂರು ದಾಟಿ, ಶಿರಾ ದಾಟಿದ ಮೇಲೆ ನೆಲದ ಬಣ್ಣವೇ ಬೇರೆ. ಜಾಲಿ, ಕಲ್ಲುಗುಡ್ಡ, ಅಲ್ಲಲ್ಲಿ ತೆಂಗು, ದೂರದ ಗುಡ್ಡದ ಸಾಲಿನ ಮೇಲೆ ಗಾಳಿ ಯಂತ್ರಗಳು. ಇದು ಮಳೆ ಕಮ್ಮಿ ಇರುವ ಸೀಮೆ. ಇಂಥ ಕಡೆ ಇಷ್ಟು ದೊಡ್ಡ ನೀರು ಇದೆ ಅಂದರೆ ಕಣ್ಣಾರೆ ನೋಡುವವರೆಗೆ ನಂಬಿಕೆ ಬರೋದಿಲ್ಲ, ಅಜ್ಜನನ್ನು ಯಾರೂ ನಂಬದೇ ಇದ್ದದ್ದು ತಪ್ಪಲ್ಲ.

ಊರು ತಲುಪಿದ ತಕ್ಷಣ ನನ್ನ ಯೋಜನೆ ಮೊದಲ ಸಲ ಕೈಕೊಟ್ಟಿತು. ಹತ್ತು ದಿನ ಮುಂಚೆ ದುಡ್ಡು ಕಟ್ಟಿ ಎರಡು ರೂಮು ಬುಕ್ ಮಾಡಿದ್ದೆ. ಲಾಡ್ಜಿನ ಹುಡುಗ ರಿಜಿಸ್ಟರ್ ತಿರುಗಿಸಿ ತಿರುಗಿಸಿ ನೋಡಿ, ನಿಮ್ಮ ಹೆಸರೇ ಇಲ್ಲ ಮೇಡಂ, ಮದುವೆ ಪಾರ್ಟಿ ಬಂದಿದೆ, ಒಂದು ರೂಮೂ ಖಾಲಿ ಇಲ್ಲ ಅಂದ. ಮೊಬೈಲಿನಲ್ಲಿದ್ದ ರಸೀದಿ ತೋರಿಸಿದೆ. ಅವನು ಅದನ್ನು ಬೇರೆ ಯಾರದ್ದೋ ಮನೆಯ ಮಗು ಫೋಟೋ ನೋಡಿದ ಹಾಗೆ ನೋಡಿ ವಾಪಸ್ ಕೊಟ್ಟ. ಮುಂಚಿನ ದಿನ ಒಂದು ಸಲ ಫೋನ್ ಮಾಡಿ ಖಾತ್ರಿ ಮಾಡಿಕೊಂಡಿದ್ದರೆ ಇದಾಗುತ್ತಿರಲಿಲ್ಲ. ಮಾವನಿಗೆ ತಿಳಿಯದ ಹಾಗೆ ಬೇರೆ ಲಾಡ್ಜ್ ಹುಡುಕೋಣ ಅಂತ ಅಣ್ಣ ಅನ್ನುವಷ್ಟರಲ್ಲಿ ಅಮ್ಮ ಕಾರಿನಲ್ಲಿ ಕೂತೇ ಫೋನ್ ಮಾಡಿ ಮುಗಿಸಿದ್ದಳು. ಹತ್ತು ನಿಮಿಷಕ್ಕೆ ಮಾವ ಬೈಕಿನಲ್ಲಿ ಹಾಜರ್. "ಏನವ್ವಾ, ಲಾಡ್ಜಿಗೆ ಹೋಗೋಕೆ ನಾನೇನು ಸತ್ತೋಗಿದ್ನಾ?" ಅಂತ ನನ್ನ ಮೇಲೆ ಒಂದು ಸುತ್ತು ಕೂಗಾಡಿ ಮನೆಗೆ ಕರೆದುಕೊಂಡು ಹೋದ. ಮುದ್ದೆ, ಅವರೆಕಾಳು ಸಾರು, ಉಂಡ ಮೇಲೆ ನಿದ್ದೆ. ಲಾಡ್ಜಿನ ದುಡ್ಡು ವಾಪಸ್ ಬಂದದ್ದು ಮೂರು ವಾರ ಆದ ಮೇಲೆ.

ಮೂರೂವರೆಗೆ ಅಣೆಕಟ್ಟಿಗೆ ಹೊರಟೆವು, ಹಿರಿಯೂರಿನಿಂದ ಇಪ್ಪತ್ತು ಕಿಲೋಮೀಟರ್ ಅಂತಿಟ್ಟುಕೊಳ್ಳಿ. ವಾಣಿವಿಲಾಸಪುರ ಹತ್ತಿರ ಬರುತ್ತಿದ್ದ ಹಾಗೆ ಎರಡು ಗುಡ್ಡ ಎದುರುಬದುರು ಬಂದು ನಿಲ್ಲುತ್ತವೆ, ಆ ಎರಡರ ಸಂದಿಗೆ ಬಾಗಿಲು ಹಾಕಿದ ಹಾಗೆ ಕಲ್ಲಿನ ಗೋಡೆ. ಈ ಜಾಗವನ್ನು ಯಾಕೆ ಆರಿಸಿದರು ಅಂತ ಇಂಜಿನಿಯರಿಂಗ್ ಓದದವರಿಗೂ ಗೊತ್ತಾಗುತ್ತೆ. ಇಷ್ಟು ಕಿರಿದಾದ ಬಾಯಿ ಮುಚ್ಚಿದರೆ ಹಿಂದೆ ಅಷ್ಟು ದೊಡ್ಡ ಹೊಟ್ಟೆ ತುಂಬುತ್ತೆ.

ಹುಡುಗನ ಮೊದಲ ಪ್ರಶ್ನೆ, "ಗೇಟ್ ಎಲ್ಲಿ?" ಅವನು ನೋಡಿದ್ದು ಕೆಆರ್‌ಎಸ್. ಗೇಟು ಎತ್ತಿದರೆ ನೀರು ಧುಮುಕಬೇಕು, ಇಲ್ಲದಿದ್ದರೆ ಅವನ ಪಾಲಿಗೆ ಅದು ಅಣೆಕಟ್ಟೇ ಅಲ್ಲ. ಇಲ್ಲಿ ಗೋಡೆಯ ಮೇಲೆ ಹಾಗೆ ಗೇಟಿನ ಸಾಲು ಇಲ್ಲ. ಹೊಲಗಳಿಗೆ ಬೇಕಾದ ನೀರು ಕೆಳಗಿನ ತೂಬಿನಿಂದ ಎಡ ನಾಲೆ, ಬಲ ನಾಲೆಗೆ ಹೋಗುತ್ತೆ. 130 ಅಡಿ ಮೀರಿದ್ದು ತಾನಾಗಿಯೇ ಕೋಡಿಯಲ್ಲಿ ಹರಿದು ಹೋಗುತ್ತೆ, ಊರ ಕೆರೆಯ ಹಾಗೇ. ಯಾರೂ ಗುಂಡಿ ಒತ್ತಬೇಕಾಗಿಲ್ಲ. ಅದಕ್ಕೇ ಇಲ್ಲಿ ಕೋಡಿ ಬೀಳೋದು ಅಂದರೆ ಅಷ್ಟು ಸಂಭ್ರಮ, ಅದು ಜಲಾಶಯವೇ ಬಾಯಿಬಿಟ್ಟು ತುಂಬಿದೆ ಅಂತ ಹೇಳಿದ ಹಾಗೆ.

ಕಾವಲಿನವರು ಆ ದಿನ ಏರಿಯ ಮೇಲೆ ಸ್ವಲ್ಪ ದೂರ ಹೋಗಲು ಬಿಟ್ಟರು. ಅಮ್ಮನ ಕುರ್ಚಿ ಹಾಕಿದೆವು. ಒಂದು ಪಕ್ಕ ನೀರು, ಇನ್ನೊಂದು ಪಕ್ಕ ಬಗ್ಗಿ ನೋಡಿದರೆ ಹೊಟ್ಟೆ ಝುಂ ಅನ್ನುವ ಆಳದಲ್ಲಿ ಮರಗಳ ತಲೆ. ನಾನು ಗೋಡೆಯನ್ನೇ ನೋಡುತ್ತಾ ನಿಂತೆ. ಕೈಯಲ್ಲಿ ಕೆತ್ತಿದ ಕಲ್ಲುಗಳು, ಒಂದರ ಹಾಗೆ ಇನ್ನೊಂದಿಲ್ಲ, ಉಳಿ ಏಟಿನ ಗುಳಿಗಳು ಇನ್ನೂ ಬೆರಳಿಗೆ ಸಿಗುತ್ತವೆ. ಕಲ್ಲಿನ ಸಂದಿಯಿಂದ ಸುಣ್ಣ ಇಳಿದು ಬೆಳ್ಳಗೆ ಗೆರೆ ಬಿದ್ದಿತ್ತು, ಮುಟ್ಟಿದರೆ ವಿಭೂತಿಯ ಹಾಗೆ ಬೆರಳಿಗೆ ಅಂಟಿತು. ಇದನ್ನು ಕಟ್ಟುವಾಗ ಗಾರೆಯೇ ಗತಿ, ಇವತ್ತಿನ ಕಾಂಕ್ರೀಟ್ ಕಾಲ ಅಲ್ಲ ಅದು.

ಕೆಲಸ ಶುರುವಾದದ್ದು 1898ರಲ್ಲಿ. 1876ರಿಂದ 78ರವರೆಗಿನ ದೊಡ್ಡ ಬರ ಜನರ ನೆನಪಿನಿಂದ ಇನ್ನೂ ಹೋಗಿರಲಿಲ್ಲ. ಮಹಾರಾಜ ಚಾಮರಾಜೇಂದ್ರ ಒಡೆಯರ್ 1894ರಲ್ಲಿ ತೀರಿಕೊಂಡಿದ್ದರು, ಮಗ ಚಿಕ್ಕವನು, ಹಾಗಾಗಿ ಮಹಾರಾಣಿ ಕೆಂಪನಂಜಮ್ಮಣ್ಣಿಯವರೇ ರಾಜ್ಯ ನೋಡಿಕೊಳ್ಳುತ್ತಿದ್ದರು. ಅವರ ಬಿರುದು ವಾಣಿ ವಿಲಾಸ ಸನ್ನಿಧಾನ, ಜಲಾಶಯಕ್ಕೆ ಇಟ್ಟದ್ದು ಆ ಹೆಸರು. ದಿವಾನರು ಶೇಷಾದ್ರಿ ಅಯ್ಯರ್. ಅಣೆಕಟ್ಟು ಮುಗಿದದ್ದು 1907ಕ್ಕೆ. ಅಷ್ಟರಲ್ಲಿ ದಿವಾನರು ತೀರಿಕೊಂಡು ಆರು ವರ್ಷ ಆಗಿತ್ತು, ಮಹಾರಾಣಿ 1902ರಲ್ಲೇ ಮಗ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಅಧಿಕಾರ ಬಿಟ್ಟುಕೊಟ್ಟಿದ್ದರು. ಆದರೆ ಮಹಾರಾಣಿ ಬದುಕಿದ್ದು 1934ರವರೆಗೆ. ಅಂದರೆ ಮೊದಲ ಸಲ ಕೋಡಿ ಬಿದ್ದ ಸುದ್ದಿ ಅವರ ಕಿವಿಗೂ ಬಿದ್ದಿರಬೇಕು. ನನಗೆ ಇದೊಂದು ಬಹಳ ಇಷ್ಟವಾಯಿತು. ಅದೇ ವರ್ಷ ನಮ್ಮಜ್ಜ ಎತ್ತಿನ ಗಾಡಿಯಲ್ಲಿ ಇಲ್ಲೇ ಎಲ್ಲೋ ನಿಂತಿದ್ದರು.

ಏರಿಯ ಮೇಲಿನ ಮಂಟಪಗಳಿಗೆ ಸಂಜೆ ಬಿಸಿಲು ಬಿದ್ದಾಗ ಚೆನ್ನಾಗಿರುತ್ತೆ. ಅಲ್ಲಿ ಒಂದು ಜೋಡಿ ಫೋಟೋ ತೆಗೆಸಿಕೊಳ್ಳುತ್ತಿತ್ತು, ಮದುವೆಗೆ ಮುಂಚಿನ ಶೂಟಿಂಗ್ ಇರಬೇಕು. ಹುಡುಗಿಯನ್ನು ಗೋಡೆಯ ಅಂಚಿಗೆ ಹತ್ತು ಅಂತ ಕ್ಯಾಮೆರಾದವನು ಹೇಳಿದ. ಅಮ್ಮ ಕುರ್ಚಿಯಿಂದಲೇ "ಏಯ್, ಇಳಿಯಮ್ಮ ಕೆಳಗೆ!" ಅಂದ ರಭಸಕ್ಕೆ ಮೂವರೂ ಮಂಟಪ ಬಿಟ್ಟು ಹೊರಟರು. ಕತ್ತಲಾಗುವ ಮೊದಲು ನಾವೂ ಹೊರಟೆವು.

ಎರಡನೇ ದಿನ, ಗುರುವಾರ

ಬೆಳಿಗ್ಗೆ ಆರಕ್ಕೇ ನೀರಿನ ಹತ್ತಿರ ಇದ್ದೆವು. ಜಲಾಶಯ ನೋಡುವ ಹೊತ್ತು ಅಂದರೆ ಇದೇ, ಬೇರೆ ಹೊತ್ತು ಎಲ್ಲ ಸುಳ್ಳು. ಗಾಳಿ ಇಲ್ಲ, ಗುಡ್ಡಗಳು ನೀರಿನಲ್ಲಿ ತಲೆಕೆಳಗಾಗಿ ನಿಂತಿದ್ದವು. ರಾತ್ರಿ ಬಿಟ್ಟ ಬಲೆ ಎಳೆದುಕೊಂಡು ಒಂದು ಹರಿಗೋಲು ಬಂತು. ಗಂಡ ಹುಟ್ಟು ಹಾಕುತ್ತಿದ್ದ, ಹೆಂಡತಿ ಬಲೆಯಿಂದ ಮೀನು ಬಿಡಿಸುತ್ತಿದ್ದಳು. ಹರಿಗೋಲು ನೇರ ಬರೋದಿಲ್ಲ, ಗಿರಗಿರ ತಿರುಗಬೇಕು ಅಂತ ನೋಡುತ್ತೆ, ಅವನು ಹುಟ್ಟನ್ನು ಮುಂದೆ ಎಂಟರ ಆಕಾರದಲ್ಲಿ ಆಡಿಸುತ್ತಾ ಅದನ್ನು ಸುಮ್ಮನಿರಿಸುತ್ತಿದ್ದ. ಹುಡುಗ ತಾನೂ ಹತ್ತುತ್ತೇನೆ ಅಂದ. ಲೈಫ್ ಜಾಕೆಟ್ ಇಲ್ಲ, ಬೇಡ ಅಂದೆ. ಆ ಹೆಂಗಸೇ ನನ್ನ ಕಡೆ ನಿಂತಳು. "ಇದು ನಮ್ ಹೊಟ್ಟೆಪಾಡಿಂದು ಮರಿ, ಆಟದ್ದಲ್ಲ." ಅವನಿಗೆ ಸಮಾಧಾನಕ್ಕೆ ಒಂದು ಕಾಟ್ಲಾದ ಬಾಯಿ ಅಗಲಿಸಿ ತೋರಿಸಿದಳು, ಅವನ ಮುಷ್ಟಿ ಪೂರ್ತಿ ಒಳಗೆ ಹೋಗುವಷ್ಟು ಬಾಯಿ.

ಮಾರಮ್ಮನ ಗುಡಿಯಲ್ಲಿ ಜನ ಇರಲಿಲ್ಲ, ಅಮ್ಮ ಮಡಿಲಕ್ಕಿ ಕೊಟ್ಟು ಬಂದಳು. ಅಷ್ಟು ಹೊತ್ತಿಗೆ ರಸ್ತೆ ಪಕ್ಕದಲ್ಲಿ ಒಬ್ಬಾಕೆ ಬಾಣಲೆ ಇಟ್ಟಿದ್ದಳು. ಖಾರ ಮೆತ್ತಿದ ಮೀನಿನ ತುಂಡುಗಳನ್ನು ಎಣ್ಣೆಗೆ ಬಿಟ್ಟು, ತಿರುವಿ ಹಾಕದೆ ಕಾಯುತ್ತಾಳೆ, ಅಂಚು ಕೆಂಪಗಾಗಿ ತುಂಡು ತಾನೇ ತಳ ಬಿಟ್ಟು ಅಲುಗಾಡಬೇಕು, ಆಮೇಲೆ ಒಂದೇ ಸಲ ಮಗುಚೋದು. ಬೆಳಗಿನ ಒಂಬತ್ತಕ್ಕೆ ಮೀನಾ ಅಂತ ಮೂಗು ಮುರಿದ ಅಣ್ಣ ನಾಲ್ಕು ತುಂಡು ತಿಂದ.

ಮಧ್ಯಾಹ್ನ ಮಾವನ ಮಾತು ಕೇಳಿ ಮನೆಯಲ್ಲಿ ಮಲಗಬೇಕಿತ್ತು. ಕೇಳಲಿಲ್ಲ. ಹೊಸದುರ್ಗದ ಕಡೆ ಹಿನ್ನೀರು ನೋಡೋಣ, ಅಲ್ಲಿ ಯಾರೂ ಹೋಗೋದಿಲ್ಲ ಅಂತ ಅಣ್ಣನ ಉಮೇದು. ಯಾರೂ ಹೋಗದ ಕಡೆಗೆ ಯಾರೂ ಯಾಕೆ ಹೋಗೋದಿಲ್ಲ ಅಂತ ಮೊದಲು ಕೇಳಬೇಕು, ನಾನು ಕೇಳಲಿಲ್ಲ. ಡಾಂಬರು ಬಿಟ್ಟು ಹೊಲದ ದಾರಿ ಹಿಡಿದೆವು, ದಾರಿ ಇಳಿಯುತ್ತಾ ಇಳಿಯುತ್ತಾ ನೀರಿನೊಳಕ್ಕೇ ಹೋಗಿ ಮುಗಿದಿತ್ತು. ಸಿನಿಮಾದಲ್ಲಿ ಕೂಡ ಹಾಗಿರೋದಿಲ್ಲ, ಒಂದು ನೆಟ್ಟಗಿನ ರಸ್ತೆ, ಎರಡೂ ಕಡೆ ತೆಂಗಿನ ಸಾಲು, ಹಾಗೇ ಹೋಗಿ ನೀರಲ್ಲಿ ಮುಳುಗಿದೆ. ಹತ್ತಿರದಿಂದ ಫೋಟೋ ತೆಗೆಯೋಣ ಅಂತ ಅಣ್ಣ ಕಾರನ್ನು ಎಡಕ್ಕೆ ತಿರುಗಿಸಿ ದಡಕ್ಕೆ ಇಳಿಸಿದ. ನೆಲ ಒಣಗಿ ಬಿರುಕು ಬಿಟ್ಟಿತ್ತು, ಗಟ್ಟಿ ಇದೆ ಅಂತಲೇ ಕಂಡಿತು. ಮೇಲಿನ ಎರಡು ಇಂಚು ಹಪ್ಪಳ, ಕೆಳಗೆ ಹಿಟ್ಟು. ಮುಂದಿನ ಚಕ್ರ ಗುಳುಂ ಅಂತ ಇಳಿಯಿತು. ಅಣ್ಣ ಆಕ್ಸಿಲರೇಟರ್ ಒತ್ತಿದ, ಇನ್ನಷ್ಟು ಇಳಿಯಿತು, ಹಿಂದೆ ನಿಂತು ತಳ್ಳುತ್ತಿದ್ದ ನಾನು ತಲೆಯಿಂದ ಕಾಲಿನವರೆಗೆ ಕೆಸರು. ಹುಡುಗ ವೀಡಿಯೊ ಮಾಡಿದ.

ನೀರು ಈಗಷ್ಟೇ ಇಳಿದ ದಡಕ್ಕೆ ಗಾಡಿ ಇಳಿಸಬಾರದು. ಬರಿಗಾಲಲ್ಲಿ ನಡೆದು ನೋಡಿ, ಹಿಮ್ಮಡಿ ಹೂತರೆ ಅಲ್ಲೇ ನಿಲ್ಲಿ. ಸಿಕ್ಕಿಹಾಕಿಕೊಂಡ ಮೇಲೆ ಆಕ್ಸಿಲರೇಟರ್ ಮುಟ್ಟಬೇಡಿ. ಇದನ್ನು ನಮಗೆ ಹೇಳಿದ್ದು ಒಂದು ಗಂಟೆ ಆದ ಮೇಲೆ ಟ್ರ್ಯಾಕ್ಟರ್ ತಂದ ತೋಟದ ಯಜಮಾನರು. ಆ ಒಂದು ಗಂಟೆ ಅಮ್ಮ ತೆಂಗಿನ ನೆರಳಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದಳು, ಮಹಾರಾಣಿ ಹಾಗೆ.

ಹಗ್ಗ ಕಟ್ಟಿ ಎಳೆದು ಮೇಲೆ ಹಾಕಿದ ಮೇಲೆ ದುಡ್ಡು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಎಳನೀರು ಕೆಡವಿ ಕೊಟ್ಟರು. ನಾನು ಮಾತಿಗೆ, ಈ ವರ್ಷ ತುಂಬಿದ್ದು ನಿಮಗೆ ಒಳ್ಳೇದಾಯ್ತು ಅಲ್ವಾ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ನೀರಿನ ಕಡೆ ಕೈ ತೋರಿಸಿದರು. ದಡದಿಂದ ಒಳಗೆ, ನೀರಿನ ನಡುವೆ, ಗರಿ ಒಣಗಿ ಕಂದಾದ ತೆಂಗಿನ ಮರಗಳು ನಿಂತಿದ್ದವು. ನಾನು ಬಂದ ತಕ್ಷಣ ಎಂಥ ಚೆಂದ ಅಂತ ಫೋಟೋ ತೆಗೆದುಕೊಂಡಿದ್ದ ಮರಗಳೇ ಅವು. "ಅವು ನಂದೇ" ಅಂದರು. ನೀರು ಎಷ್ಟೋ ದಶಕ ಇತ್ತ ಬರಲಿಲ್ಲ, ಬರೋದಿಲ್ಲ ಅಂತಲೇ ಜನ ಉತ್ತರು, ನೆಟ್ಟರು. 2022ರಲ್ಲಿ ಬಂತು. "ಕೆಳಗಿನೋರು ಬಾಗಿನ ಕೊಡ್ತಾರೆ, ನಾವು ಇಲ್ಲಿ ಪಂಪ್‌ಸೆಟ್ ಎತ್ತುತೀವಿ." ಅಮ್ಮ ಕೆಳಗಿನವಳು, ನಾಲೆಯ ಬಾಲದಲ್ಲಿ ನೀರಿಗೆ ಕಾದವಳು. ಅವಳು ಏನೂ ಹೇಳಲಿಲ್ಲ. ಆಮೇಲೆ, "ಎಷ್ಟು ಮರ ಹೋಯ್ತಪ್ಪ?" ಅಂತ ಕೇಳಿದಳು. ಅವರು ಸಂಖ್ಯೆ ಹೇಳಿದರು. ಇಬ್ಬರೂ ಕಾಯಿ ರೇಟಿನ ಮಾತಿಗೆ ಇಳಿದರು.

ವಾಪಸ್ ಬರುವಾಗ ಹುಡುಗ ಕೇಳಿದ, ಇಲ್ಲಿ ಮಳೆಯೇ ಕಮ್ಮಿ ಅಂದ್ರೆ ಈ ನೀರು ಯಾರದ್ದು ಅಂತ. ಪಶ್ಚಿಮದ್ದು. ಬಾಬಾಬುಡನ್‌ಗಿರಿ ಕಡೆಯಿಂದ ವೇದ, ಅವತಿ ಅಂತ ಎರಡು ಹೊಳೆ ಇಳಿದು, ಕಡೂರಿನ ಹತ್ತಿರ ಸೇರಿ ವೇದಾವತಿ ಆಗುತ್ತೆ, ಹೊಸದುರ್ಗದ ಮೇಲೆ ಇಲ್ಲಿಗೆ ಬರುತ್ತೆ. ಅದು ಎಲ್ಲ ವರ್ಷ ಮೈತುಂಬಿ ಬರುವ ಹೊಳೆ ಅಲ್ಲ. ಈಗ ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಭದ್ರೆಯ ನೀರನ್ನು ಪಂಪ್ ಮಾಡಿ ಎತ್ತಿ, ಅಜ್ಜಂಪುರದ ಹತ್ತಿರ ಸುಮಾರು 7 ಕಿಲೋಮೀಟರ್ ಸುರಂಗದಲ್ಲಿ ದಾಟಿಸಿ ಇತ್ತ ಬಿಡುತ್ತಾರೆ. 2019ರಿಂದ ಆ ನೀರೂ ಬರುತ್ತಿದೆ. ಮೂರು ವರ್ಷದಲ್ಲಿ ಎರಡು ಸಲ ಕೋಡಿ ಬಿದ್ದದ್ದರಲ್ಲಿ ಅದರದ್ದೂ ಪಾಲಿದೆ. "ಹಾಗಾದ್ರೆ 1933ರದ್ದೇ ಒರಿಜಿನಲ್" ಅಂದ ಹುಡುಗ. ಅಮ್ಮನಿಗೆ ಬಹಳ ಖುಷಿಯಾಯಿತು.

ರಾತ್ರಿ ಮಾವ ಕೆಸರಿನ ಕಾರು ನೋಡಿ ನಕ್ಕಿದ್ದೇ ನಕ್ಕಿದ್ದು. ಇನ್ನೊಂದು ವಿಷಯ ಹೇಳಿದ, ಗುಡ್ಡದ ಮೇಲಿಂದ ನೋಡಿದರೆ ಜಲಾಶಯ ಭಾರತದ ನಕ್ಷೆಯ ಹಾಗೆ ಕಾಣುತ್ತೆ ಅಂತ. ಇದನ್ನು ಆ ಕಡೆ ಎಲ್ಲರೂ ಹೇಳುತ್ತಾರೆ. ನಾನು ಫೋಟೋದಲ್ಲಿ ನೋಡಿದ್ದೇನೆ, ಕಣ್ಣು ಸ್ವಲ್ಪ ಕಿರಿದು ಮಾಡಿಕೊಂಡರೆ ಹೌದು.

ಮೂರನೇ ದಿನ, ಶುಕ್ರವಾರ

ಜನ ಬರುವ ಮೊದಲು ಕೋಡಿ ನೋಡಿ ಹೊರಡೋದು ಅಂತ ತೀರ್ಮಾನ. ಏಳು ಗಂಟೆಗೆ ಅಲ್ಲಿದ್ದೆವು. ಕೋಡಿ ಹರಿಯುತ್ತಿರಲಿಲ್ಲ, ಮಟ್ಟ ಸ್ವಲ್ಪ ಕೆಳಗೆ ಇಳಿದಿತ್ತು. ಇದು ನಾನು ಗೊತ್ತಿದ್ದೇ ಮಾಡಿದ ಲೆಕ್ಕ. ಹರಿಯುವಾಗ ಬಂದರೆ ಜನ ಕಾಣುತ್ತಾರೆ, ನೀರು ಕಾಣೋದಿಲ್ಲ. ಆದರೂ ಅಮ್ಮನಿಗೆ ಬೇಜಾರಾಗುತ್ತೆ ಅಂತ ಒಳಗೊಳಗೇ ಅಳುಕಿತ್ತು. ಬಂಡೆಯ ಮೇಲೆ ನೀರು ಹೋದ ಗುರುತು ಕಪ್ಪಗೆ ಹಾಸಿತ್ತು, ತಗ್ಗುಗಳಲ್ಲಿ ಒಂದಿಷ್ಟು ನೀರು ನಿಂತು ಸಣ್ಣ ಮೀನಿನ ಮರಿ ಓಡಾಡುತ್ತಿದ್ದವು. ಅಮ್ಮ ಕುರ್ಚಿಯಲ್ಲಿ ಕೂರಲಿಲ್ಲ. ನನ್ನ ಭುಜ ಹಿಡಿದು ನಿಧಾನ ನಡೆದು, ಕೋಡಿಯ ಈ ಕಡೆ ನಿಂತು, ಆ ಕಡೆ ತುಂಬಿ ನಿಂತ ನೀರನ್ನು ನೋಡಿದಳು. ಗಾಡಿ ಎಲ್ಲಿ ಬಿಟ್ಟಿದ್ದರೋ ಅಂದಳು. ಯಾವ ಗಾಡಿ ಅಂತ ನಾನು ಕೇಳಲಿಲ್ಲ. ಎತ್ತುಗಳಿಗೆ ನೆರಳು ಬೇಕಲ್ಲ, ಅಗೋ ಆ ಮರದ ಕಡೆ ಇರಬೇಕು ಅಂತ ಅವಳೇ ಹೇಳಿಕೊಂಡಳು. ಆ ಮರಕ್ಕೆ ನನ್ನಷ್ಟೂ ವಯಸ್ಸಿರಲಿಕ್ಕಿಲ್ಲ. ಇರಬೇಕು ಅಂದೆ.

ವಾಪಸ್ ದಾರಿಯಲ್ಲಿ ಶಿರಾದಿಂದ ಕಗ್ಗಲಡುಗೆ ತಿರುಗಿದೆವು. ಹತ್ತು ಕಿಲೋಮೀಟರ್ ಒಳಗೆ. ಊರೊಳಗಿನ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟಿರುತ್ತವೆ, ಮನೆ ಮಾಡಿನ ಮೇಲೆಯೇ ಅನ್ನಬಹುದು, ಊರಿನವರು ಅವನ್ನು ಓಡಿಸೋದಿಲ್ಲ. ಹೊಟ್ಟೆ ತುಂಬಿಸಿಕೊಳ್ಳೋಕೆ ಸುತ್ತಲಿನ ಕೆರೆಗಳಿಗೆ ಹೋಗಿ ಬರುತ್ತವೆ. ಹುಡುಗನ ಬೈನಾಕ್ಯುಲರಿಗೆ ಕೊನೆಗೂ ಕೆಲಸ ಸಿಕ್ಕಿತು. ಮರದ ಕೆಳಗೆ ಕಾರು ನಿಲ್ಲಿಸಬೇಡ ಅಂತ ಅಣ್ಣನಿಗೆ ಹೇಳಿದೆ, ಕೇಳಲಿಲ್ಲ. ಹಿನ್ನೀರಿನ ಕೆಸರಿನ ಮೇಲೆ ಕೊಕ್ಕರೆಗಳ ಸುಣ್ಣವೂ ಬಿತ್ತು.

ಶನಿವಾರ ಕಾರು ತೊಳೆಯೋಕೆ ಕೊಟ್ಟಾಗ ಅಂಗಡಿಯ ಹುಡುಗ ಚಕ್ರದ ಸಂದಿಯಿಂದ ಮಣ್ಣು ಕೆರೆಯುತ್ತಾ, "ಯಾವ ಕೆರೆಗೆ ಇಳಿಸಿದ್ರಿ ಸಾರ್?" ಅಂತ ಕೇಳಿದ. ಅಣ್ಣ ಉತ್ತರ ಹೇಳುವ ಮೊದಲೇ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಅಮ್ಮ ಹೇಳಿದಳು, "ಕೆರೆ ಅಲ್ಲಪ್ಪ, ಮಾರಿಕಣಿವೆ."